ಉಡ ಮೇಡಂ ಕುರ್ಚಿ ಬದಲಿಸಿದ್ದು

ಆಕೆಗೆ ‘ಉಡ ಮೇಡಂ’ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರು, ಯಾವ ಬ್ಯಾಚಿನವನು ಎಂಬುದು ಈಗ ಯಾರಿಗೂ ನೆನಪಿಲ್ಲ. ಹೆಸರು ಮಾತ್ರ ಅಂಟಿಕೊಂಡುಬಿಟ್ಟಿತು. ಸಸ್ಯಶಾಸ್ತ್ರ ಹೇಳಿಕೊಡುವವರಿಗೆ ಪ್ರಾಣಿಯ ಹೆಸರೇಕೆ ಎಂದು ಹೊಸಬರು ಕೇಳಿದರೆ ಹುಡುಗರು, “ಒಂದ್ಸಲ ಹಿಡಿದ್ರೆ ಬಿಡ್ತಾರಾ ಅವ್ರು? ಲ್ಯಾಬಲ್ಲಿ ನಾಲ್ಕು ದಿನ ಕೂತು ನೋಡಿ, ಆಮೇಲೆ ಕೇಳಿ” ಎನ್ನುತ್ತಿದ್ದರು. ಈರುಳ್ಳಿಯ ತೆಳು ಪದರವನ್ನು ಗಾಜಿನ ಮೇಲೆ ಸುಕ್ಕಿಲ್ಲದೆ ಹರಡುವ ತನಕ ಮೇಡಂ ಯಾರನ್ನೂ ಲ್ಯಾಬಿನಿಂದ ಹೊರಗೆ ಬಿಟ್ಟದ್ದಿಲ್ಲ. ಪ್ರಾಂಶುಪಾಲರ ಮಗನನ್ನೂ ಬಿಡಲಿಲ್ಲ. ಅವನ ಊಟದ ಡಬ್ಬಿಯನ್ನು ಬಾಗಿಲಿಗೇ ತರಿಸಿ, ಅಲ್ಲೇ ಉಣ್ಣಿಸಿ, ಮತ್ತೆ ಕೂರಿಸಿದರು.

ಹುಟ್ಟಿದ್ದೇ ಹಾಗಂತೆ. ಅಪ್ಪ ದರ್ಜಿ. ಹತ್ತನೇ ತರಗತಿ ಮುಗಿಸಿದ ಮಗಳನ್ನು ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂರಿಸಿದರು. ಮಗಳು ತುಟಿ ಪಿಟಕ್ಕೆನ್ನದೆ ಕೂತಳು, ಚೆನ್ನಾಗಿಯೇ ಹೊಲಿದಳು, ಆದರೆ ಊಟ ಬಿಟ್ಟಳು. ಮೂರನೆಯ ದಿನ ಅಪ್ಪನೇ ಕೈಹಿಡಿದು ಕಾಲೇಜಿಗೆ ಕರೆದುಕೊಂಡು ಹೋಗಿ ಹೆಸರು ಬರೆಸಿ, “ಇವಳನ್ನ ನೀವೇ ಇಟ್ಕೊಳ್ಳಿ ಸ್ವಾಮಿ, ನನ್ನ ಕೈಲಾಗಲ್ಲ” ಎಂದರಂತೆ. ಮುಂದೆ ಮದುವೆಯ ಮಾತು ತಂದವರಿಗೂ ಸುಲಭದ ದಾರಿ ಸಿಗಲಿಲ್ಲ. ಹುಡುಗ ಮೊದಲು ಹೂವಿನ ಭಾಗಗಳ ಹೆಸರು ಹೇಳಲಿ, ಆಮೇಲೆ ನೋಡೋಣ ಎಂದುಬಿಟ್ಟರು. ಒಬ್ಬ ಪಾಪ, ಉರು ಹೊಡೆದುಕೊಂಡೇ ಬಂದಿದ್ದ. ಹೆಣ್ಣು ಭಾಗವಾದ ಶಲಾಕೆಯನ್ನು ಗಂಡು ಭಾಗವಾದ ಕೇಸರ ಎಂದ. ಅಲ್ಲಿಗೆ ಆ ಸಂಬಂಧವೂ ಮುಗಿಯಿತು, ಮದುವೆಯ ಮಾತೂ ಮುಗಿಯಿತು.

ಆದರೆ ಮನೆ ಖಾಲಿ ಇರಲಿಲ್ಲ. ತಂಗಿಯ ಗಂಡನದು ವರ್ಗಾವಣೆಯ ಕೆಲಸ. ಊರೂರು ತಿರುಗಿ ಮಗಳ ಓದು ಹಾಳಾಗುವುದು ಬೇಡ ಎಂದು ತಂಗಿ ಮಗಳನ್ನು ಅಕ್ಕನ ಬಳಿ ಬಿಟ್ಟಿದ್ದಳು. ಆ ಹುಡುಗಿ ದೊಡ್ಡಮ್ಮನ ಮನೆಯಲ್ಲೇ ಬೆಳೆದು, ದೊಡ್ಡಮ್ಮನ ಕಾಲೇಜಿನಲ್ಲೇ ಓದಿ, ಈಗ ಭೂಮಾಪನ ಇಲಾಖೆಯಲ್ಲಿ ಕೆಲಸಕ್ಕಿದ್ದಳು. ಬೆಳಗಾದರೆ ತಲೆಗೊಂದು ಟೋಪಿ ಹಾಕಿಕೊಂಡು, ಮೂರು ಕಾಲಿನ ಅಳತೆಯಂತ್ರ ಹೊತ್ತುಕೊಂಡು ಹೊಲ ಗದ್ದೆ ಅಳೆಯಲು ಹೊರಡುವಳು. ಅವಳನ್ನು ನೋಡಿದಾಗಲೆಲ್ಲ ಮೇಡಂಗೆ ಎದೆ ಉಬ್ಬುತ್ತಿತ್ತು. ಬಾಯಲ್ಲಿ ಮಾತ್ರ, “ಬಿಸಿಲಲ್ಲಿ ಸುತ್ತಿ ಸುತ್ತಿ ಇದ್ದಿಲಾಗಿದ್ದೀಯ” ಎನ್ನುತ್ತಿದ್ದರು.

ಇಷ್ಟಿದ್ದ ಮೇಡಂಗೆ ನಡುವಯಸ್ಸು ದಾಟಿದ ಮೇಲೆ ಒಂದು ಹೊಸ ಹಠ ಹತ್ತಿತು. ಕಾಲೇಜಿನ ನೇಮಕಾತಿ ಮತ್ತು ಬಡ್ತಿ ಸಮಿತಿಗೆ ಆರಿಸಿ ಬರಬೇಕು ಎಂಬುದು. ಐದು ಜನರ ಸಮಿತಿ ಅದು. ಯಾರನ್ನು ಕಾಯಂ ಮಾಡಬೇಕು, ಯಾರಿಗೆ ಬಡ್ತಿ, ಯಾರು ಮನೆಗೆ ಎಂದು ತೀರ್ಮಾನಿಸುವವರು ಅವರೇ. ಅಧ್ಯಾಪಕರೇ ಅಧ್ಯಾಪಕರನ್ನು ಆರಿಸುತ್ತಾರೆ. ಮೇಡಂ ಮೂರು ಸಲ ನಿಂತು ಮೂರು ಸಲವೂ ಸೋತರು. ನೇರ ಮಾತಿನವರಿಗೆ ಯಾರು ಮತ ಹಾಕುತ್ತಾರೆ? “ಸಾಕು ಬಿಡಿ ಮೇಡಂ, ಮರ್ಯಾದೆ ಪ್ರಶ್ನೆ” ಎಂದವರಿಗೆ, “ಹೊರಗೆ ನಿಂತು ಗೊಣಗೋದಕ್ಕಿಂತ ಒಳಗೆ ಹೋಗಿ ಜಗಳ ಆಡೋದು ವಾಸಿ” ಎಂದು ನಾಲ್ಕನೆಯ ಸಲವೂ ನಿಂತರು. ಕೊನೆಗೆ ಜನ ಬೇಸತ್ತೇ ಗೆಲ್ಲಿಸಿದರು ಎಂದು ಕಾಲೇಜಿನಲ್ಲಿ ಮಾತು.

ಸಮಿತಿ ಸೇರುವುದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಒಂದು ಉದ್ದನೆಯ ಮೇಜು, ಕಡತ ತುಂಬಿದ ಕಬ್ಬಿಣದ ಬೀರು, ತಿರುಗುವಾಗ ಕೀಚ್ ಕೀಚ್ ಎನ್ನುವ ಫ್ಯಾನು, ಮತಚೀಟಿ ಹಾಕಲು ಒಂದು ಹಳೆಯ ಬಿಸ್ಕತ್ತು ಡಬ್ಬಿ. ಮೇಜಿನ ಈ ಕಡೆ ಸದಸ್ಯರಿಗೆ ಐದು ಮೆತ್ತೆಯ ಕುರ್ಚಿ. ಆ ಕಡೆ ಒಂದೇ ಒಂದು ಮರದ ಕುರ್ಚಿ. ಅಭ್ಯರ್ಥಿ ಬರಲಿ, ಸಾಕ್ಷಿ ಬರಲಿ, ಕೂರಬೇಕಾದ್ದು ಅದರಲ್ಲೇ.

ಆ ವರ್ಷ ಆ ಕುರ್ಚಿಯಲ್ಲಿ ಬಂದು ಕೂತವರು ಲೆಕ್ಕದ ಮೇಷ್ಟ್ರು. ಹಂಗಾಮಿಯಾಗಿ ಸೇರಿದವರು. ಕಾಲೇಜಿನ ಕಾನೂನು ಹೀಗಿತ್ತು: ಹಂಗಾಮಿಯವರಿಗೆ ಕಾಯಂ ಆಗಲು ಎರಡು ಅವಕಾಶ. ಎರಡನೆಯದರಲ್ಲೂ ಸಮಿತಿ ‘ಇಲ್ಲ’ ಎಂದರೆ ಆ ವರ್ಷಕ್ಕೇ ಕೆಲಸದ ಋಣ ತೀರಿತು. ಮೇಷ್ಟ್ರಿಗೆ ಒಂದು ಸಲ ಆಗಲೇ ‘ಇಲ್ಲ’ ಬಂದಿತ್ತು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಇನ್ನೂ ಅಂಬೆಗಾಲಿಡುವ ಮಗು. ಆದರೂ ಸಂದರ್ಶನದಲ್ಲಿ ತಮ್ಮ ಪರವಾಗಿ ನಾಲ್ಕು ಮಾತು ಆಡಬೇಕಲ್ಲ ಮಹಾರಾಯರು? ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಹುಡುಗರು ಅವರಿಗೆ ‘ಮೌನಿ’ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅವರಿಗೆ ವಹಿಸಿದ್ದು ಲೆಕ್ಕದಲ್ಲಿ ನಪಾಸಾದವರ ತರಗತಿ. ಬೇರೆ ಯಾರೂ ಒಪ್ಪದ ತರಗತಿ ಅದು, ಹೊಸಬರ ತಲೆಗೆ ಕಟ್ಟುವುದು ವಾಡಿಕೆ. ಅಲ್ಲಿ ಮೌನಿ ಮೇಷ್ಟ್ರದು ವಿಚಿತ್ರ ಪದ್ಧತಿ. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು, ಸೀಮೆಸುಣ್ಣವನ್ನು ಮುಂದಿನ ಬೆಂಚಿನವರ ಕೈಗೆ ಕೊಟ್ಟು, ತಾವು ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬಿಡುವುದು. ಸುಣ್ಣ ಕೈಯಿಂದ ಕೈಗೆ ಹೋಗಬೇಕು. ಒಬ್ಬರು ಒಂದು ಸಾಲು ಬರೆದರೆ ಮುಂದಿನವರು ಮುಂದಿನ ಸಾಲು. ತಪ್ಪಾದರೆ ಹಿಂದಿನಿಂದ ಒಂದೇ ಒಂದು ಪ್ರಶ್ನೆ ಬರುತ್ತದೆ. ಬೆಂಚಿನ ಮೇಲೆ ಕೂತ ಯಾರಿಗೂ ಬಿಡುಗಡೆ ಇಲ್ಲ.

ಸಮಿತಿಯ ಪರವಾಗಿ ಆ ತರಗತಿಯನ್ನು ನೋಡಿ ಬರಲು ಹೋದವರು ಭೌತಶಾಸ್ತ್ರದ ಹಿರಿಯ ಪ್ರಾಧ್ಯಾಪಕರು. ಇಡೀ ಕಾಲೇಜಿಗೆ ಅವರು ದಶಮಾಂಶರು. ಮಾರ್ಕು ಕೊಡುವಾಗ ಅರ್ಧ ಕಾಲನ್ನೂ ಬಿಡದೆ ಚುಕ್ಕಿ ಹಾಕಿ ಕೊಡುವವರು. ಕೆಟ್ಟವರಲ್ಲ, ಯಾರ ಮುಲಾಜಿಗೂ ಬೀಳುವವರಲ್ಲ. ಆದರೆ ಕೈಯಲ್ಲಿ ಒಂದು ನಮೂನೆ ಕೊಟ್ಟರೆ ಸಾಕು, ಅದರ ಆಚೆಗೆ ಪ್ರಪಂಚವೇ ಇಲ್ಲ ಅವರಿಗೆ. ತರಗತಿ ವೀಕ್ಷಣೆಯ ನಮೂನೆಯ ತಲೆಯ ಮೇಲೆ ಹೀಗೆ ಅಚ್ಚಾಗಿತ್ತು: ವೀಕ್ಷಕರು ಕೊನೆಯ ಬೆಂಚಿನಲ್ಲಿ ಕುಳಿತು, ವೇದಿಕೆಯ ಮೇಲಿರುವ ಅಧ್ಯಾಪಕರನ್ನು ಗಮನಿಸತಕ್ಕದ್ದು.

ದಶಮಾಂಶರು ಕೊನೆಯ ಬೆಂಚಿನಲ್ಲಿ ಕೂತರು. ಮೌನಿ ಮೇಷ್ಟ್ರೂ ಲೆಕ್ಕ ಬರೆದು ಬಂದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ದಶಮಾಂಶರು ಪೀರಿಯಡ್ಡು ಮುಗಿಯುವ ತನಕ ಕಣ್ಣು ಮಿಟುಕಿಸದೆ ವೇದಿಕೆಯನ್ನೇ ನೋಡಿದರು. ವೇದಿಕೆಯ ಮೇಲೆ ಅಧ್ಯಾಪಕರು ಇರಲಿಲ್ಲ. ಸರಿ, ಇದ್ದದ್ದನ್ನು ಇದ್ದ ಹಾಗೆ ಬರೆದರು. ಧ್ವನಿಯ ಸ್ಪಷ್ಟತೆ: ಸೊನ್ನೆ. ವಿವರಣೆ: ಸೊನ್ನೆ. ತರಗತಿಯ ಮೇಲೆ ಹಿಡಿತ: ಸೊನ್ನೆ. ಕೊನೆಗೆ ಷರಾ: ‘ಬೋಧನೆ ನಡೆಯಲಿಲ್ಲ.’ ಅಧ್ಯಾಪಕ ಪಕ್ಕದಲ್ಲೇ ಕೂತಿದ್ದಾನೆ, ಇವರು ವೇದಿಕೆಯ ಮೇಲೆ ಹುಡುಕುತ್ತಿದ್ದಾರೆ! ಇಂಥ ತಪ್ಪು ಮಾಡಬೇಕಾದರೆ ಮನುಷ್ಯ ತುಂಬಾ ಓದಿರಬೇಕು.

ಸಮಿತಿಯ ಚರ್ಚೆಯ ದಿನ ಈ ವರದಿಯನ್ನು ಓದಿದಾಗ ಉಡ ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಚರ್ಚೆಯಲ್ಲಿ ಎಲ್ಲರಿಗಿಂತ ಕಿರಿಯ ಸದಸ್ಯರು ಮೊದಲು ಮಾತಾಡಬೇಕು; ಹಿರಿಯರು ಮೊದಲು ಬಾಯಿ ಬಿಟ್ಟರೆ ಕಿರಿಯರು ಗೋಣು ಅಲ್ಲಾಡಿಸುತ್ತಾರೆ ಎಂದು ಯಾರೋ ಬುದ್ಧಿವಂತರು ಮಾಡಿದ ಕ್ರಮ. ಹೊಸದಾಗಿ ಆರಿಸಿ ಬಂದ ಮೇಡಂ ಆ ಕೋಣೆಯ ಮಟ್ಟಿಗೆ ಕಿರಿಯರು.

“ಅವರು ತುಂಬ ಚೆನ್ನಾಗಿ ಕಲಿಸ್ತಾರೆ. ನನಗೆ ಗೊತ್ತು” ಎಂದರು.

ದಶಮಾಂಶರು ಕನ್ನಡಕ ತೆಗೆದು ಒರೆಸಿಕೊಂಡರು. “ಕಡತದಲ್ಲಿ ಎಲ್ಲಿದೆ ಮೇಡಂ?”

“ಕಡತದಲ್ಲಿಲ್ಲ ಸರ್. ನನಗೆ ಗೊತ್ತು ಅಂದೆ.”

“ಸದಸ್ಯರು ಕಡತದಲ್ಲಿ ಇರೋದನ್ನ ಮಾತ್ರ ಮಾತಾಡಬೇಕು. ನಿಮಗೆ ಗೊತ್ತಿರೋದು, ನನಗೆ ಗೊತ್ತಿರೋದು ಅಂತ ಶುರು ಮಾಡಿದ್ರೆ ಇದು ಸಮಿತಿ ಆಗಲ್ಲ, ಹರಟೆಕಟ್ಟೆ ಆಗುತ್ತೆ.”

ಅದೂ ನಿಜವೇ. ಮೇಡಂ ದಾರಿ ಬದಲಿಸಿದರು. “ಹೋಗಲಿ, ಇನ್ನೊಂದ್ಸಲ ತರಗತಿ ನೋಡಿ ಬರೋಣ” ಎಂದರು. ಅದಕ್ಕೂ ಕಾನೂನು ಅಡ್ಡ ಬಂತು. ಮೊದಲು ನೋಡಿ ಬಂದವರಿಗೇ ತಮ್ಮ ವರದಿಯ ಬಗ್ಗೆ ಅನುಮಾನ ಬಂದರೆ ಮಾತ್ರ ಎರಡನೆಯ ವೀಕ್ಷಣೆ. “ನಿಮಗೆ ಅನುಮಾನ ಇದೆಯಾ ಸರ್?” ಎಂದು ಅಧ್ಯಕ್ಷೆ ಕೇಳಿದರು. ಅಧ್ಯಕ್ಷೆ ಎಂದರೆ ಕಾಲೇಜಿನ ಉಪಪ್ರಾಂಶುಪಾಲೆ. ಸಮಾಧಾನದ ಹೆಂಗಸು, ಮೌನಿ ಮೇಷ್ಟ್ರ ಮೇಲೆ ಒಳಗೊಳಗೇ ಕನಿಕರ ಇದ್ದವರು.

“ನನಗಾ? ಅನುಮಾನವಾ?” ಎಂದರು ದಶಮಾಂಶರು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು.

ಮನೆಗೆ ನಡೆದು ಬರುವ ದಾರಿಯಲ್ಲಿ ಮೇಡಂ ಬೆರಳು ಮಡಚಿ ಲೆಕ್ಕ ಹಾಕಿದರು. ಅಧ್ಯಕ್ಷೆ ಪರ, ತಾನು ಪರ. ದಶಮಾಂಶರು ವಿರುದ್ಧ. ವಾಣಿಜ್ಯದ ಪ್ರಾಧ್ಯಾಪಕರು ಹೇಗೂ ವಿರುದ್ಧ. ಆ ಮನುಷ್ಯ ಇವತ್ತಿನ ತನಕ ಯಾರಿಗೂ ‘ಹೌದು’ ಎಂದ ದಾಖಲೆ ಇಲ್ಲ. ಉಳಿದವರು ಭಾಷಾ ವಿಭಾಗದ ಮೇಷ್ಟ್ರು. ಮೊದಲು ಪರವಾಗಿದ್ದವರು ಆ ಸೊನ್ನೆಗಳನ್ನು ನೋಡಿದ ಮೇಲೆ, “ಛೆ, ಇಷ್ಟೊಂದು ಸೊನ್ನೆ ಇದ್ಮೇಲೆ ಹೇಗೆ ಸ್ವಾಮಿ” ಎಂದು ತಲೆ ಕೆರೆದುಕೊಳ್ಳತೊಡಗಿದ್ದರು. ಮೂರು ಮತ ಬೇಕು. ಕೈಯಲ್ಲಿರುವುದು ಎರಡು.

ಮೇಡಂಗೆ ಗೊತ್ತು ಎಂದರಲ್ಲ, ಹೇಗೆ ಗೊತ್ತು? ಅಲ್ಲೇ ಇತ್ತು ಕಷ್ಟ. ತಂಗಿಯ ಮಗಳು ಆ ನಪಾಸಾದವರ ತರಗತಿಯಲ್ಲೇ ಕೂತು ಪಾಸಾದವಳು. ಆದರೆ ಅವಳು ಅದನ್ನು ಯಾರಿಗೂ ಹೇಳಬೇಡ ಎಂದು ದೊಡ್ಡಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳು. ಲೆಕ್ಕದಲ್ಲಿ ನಪಾಸಾದವಳು ಜಮೀನು ಅಳೆಯುತ್ತಾಳಂತೆ ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಾರೆ ಎಂಬುದು ಅವಳ ಭಯ. ಇನ್ನೊಂದು ಕಷ್ಟ ಕಾನೂನಿನದು. ಮನೆಯವರು ಯಾರಾದರೂ ಅಭ್ಯರ್ಥಿಯ ಬಳಿ ಓದಿದ್ದರೆ ಸದಸ್ಯರು ಅದನ್ನು ಮೊದಲ ಸಭೆಯಲ್ಲೇ ಹೇಳಿ ಆ ಅಭ್ಯರ್ಥಿಯ ಮಟ್ಟಿಗೆ ಮತ ಬಿಡಬೇಕು. ಮೊದಲು ಮುಚ್ಚಿಟ್ಟು ಆಮೇಲೆ ಹೇಳಿದರೆ ಮತವಷ್ಟೇ ಅಲ್ಲ, ಸಮಿತಿಯ ಸ್ಥಾನವೇ ಹೋಗುತ್ತದೆ. ತಂಗಿಯ ಮಗಳು ತನ್ನ ಮಗಳಲ್ಲವಲ್ಲ ಎಂದು ಮೇಡಂ ಮೊದಲ ಸಭೆಯಲ್ಲಿ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಕೊಟ್ಟ ಮಾತೂ ಇತ್ತು, ಮತ ಕಳೆದುಕೊಳ್ಳುವ ಮನಸ್ಸೂ ಇರಲಿಲ್ಲ. ಈಗ ಆ ಒಂದು ಮತವನ್ನು ಇಟ್ಟುಕೊಂಡು ಏನು ಮಾಡುವುದು? ಉಪ್ಪು ಹಾಕಿ ನೆಕ್ಕುವುದೇ?

ಹುಡುಗಿ ಕೆಲಸದಿಂದ ಬಂದು ಬೂಟು ಬಿಚ್ಚುತ್ತಿದ್ದಳು. ಮೇಡಂ ನಿಂತಲ್ಲೇ ವಿಷಯ ಎತ್ತಿದರು.

“ನೋಡು, ನಿನ್ನ ವಿಷಯ ಸಮಿತಿಯಲ್ಲಿ ಹೇಳಬೇಕು. ಇಲ್ಲದಿದ್ರೆ ನಿನ್ನ ಮೇಷ್ಟ್ರ ಕೆಲಸ ಹೋಗುತ್ತೆ.”

ಹುಡುಗಿಯ ಕೈ ಅಲ್ಲೇ ನಿಂತಿತು. “ದೊಡ್ಡಮ್ಮಾ! ಮಾತು ಕೊಟ್ಟಿದ್ದೆ ನೀನು.”

“ಕೊಟ್ಟಿದ್ದೆ. ಅದಕ್ಕೇ ಕೇಳ್ತಿದ್ದೀನಿ. ಕೇಳದೆ ಹೇಳೋದಾಗಿದ್ರೆ ಇವತ್ತೇ ಹೇಳಿ ಬರ್ತಿದ್ದೆ.”

“ಆ ಕಾಲೇಜಲ್ಲಿ ಹೇಳಿದ್ರೆ ನಮ್ಮ ಆಫೀಸಿಗೆ ಬರೋಕೆ ಎಷ್ಟು ಹೊತ್ತು? ನಮ್ಮ ಸಾಹೇಬರ ಹೆಂಡ್ತಿ ಅಲ್ಲೇ ಪಾಠ ಮಾಡ್ತಾರೆ. ನಾಳೆಯಿಂದ ನಾನು ಅಳೆದಿದ್ದನ್ನೆಲ್ಲ ಇನ್ನೊಂದ್ಸಲ ಅಳೆಸ್ತಾರೆ.”

“ಅಳೆಸಲಿ. ಸರಿಯಾಗಿರುತ್ತಲ್ಲ?”

“ನಿನಗೇನು, ಹೇಳೋಕೆ ಸುಲಭ!” ಎಂದು ಹುಡುಗಿ ದುಡುದುಡು ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳು ಸದ್ದು ಮಾಡಿದವು. ಮೇಡಂ ಹಿಂದೆ ಹೋಗಲಿಲ್ಲ. ಯಾರನ್ನಾದರೂ ಹಿಡಿದರೆ ಬಿಡದವರು ಅವತ್ತು ಬಿಟ್ಟರು. ಇದು ಹಿಡಿದು ಮಾಡಿಸುವ ಕೆಲಸವಲ್ಲ ಎಂದು ಅವರಿಗೂ ಗೊತ್ತಿತ್ತು. ಹಜಾರದಲ್ಲಿ ಕೂತು ಉತ್ತರಪತ್ರಿಕೆ ತೆರೆದರು. ಅಕ್ಷರ ಒಂದೂ ತಲೆಗೆ ಹತ್ತಲಿಲ್ಲ. ಒಂದೇ ಉತ್ತರಕ್ಕೆ ಎರಡು ಸಲ ಮಾರ್ಕು ಹಾಕಿ, ಹೊಡೆದುಹಾಕಿ, ತಮ್ಮನ್ನೇ ಬೈದುಕೊಂಡರು.

ಊಟಕ್ಕೆ ಕೂತಾಗ ಹುಡುಗಿ ತಟ್ಟೆ ನೋಡುತ್ತಲೇ ಕೇಳಿದಳು, “ನೀನು ಹೇಳಿದ್ರೆ ನಿನ್ನ ಸ್ಥಾನ?”

“ಹೋಗುತ್ತೆ.”

“ಅಷ್ಟು ಸಲ ಸೋತು ಗೆದ್ದಿದ್ದು?”

“ಹೋಗುತ್ತೆ ಅಂದೆನಲ್ಲ. ಎಷ್ಟು ಸಲ ಹೇಳಿಸ್ತೀಯ?”

ಹುಡುಗಿ ಎರಡು ತುತ್ತು ಉಂಡಳು. ಆಮೇಲೆ ಹುಡುಗಿ ತಲೆ ಎತ್ತಿದಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. “ಹೇಳು. ಆದ್ರೆ ಹೇಳೋದಾದ್ರೆ ಪೂರ್ತಿ ಹೇಳು. ನಾನು ನಪಾಸಾಗಿದ್ದು ಒಂದ್ಸಲ ಅಲ್ಲ, ಎರಡು ಸಲ.”

ಮತದಾನದ ಸಭೆ ಅಧ್ಯಕ್ಷೆಯ ಪ್ರಶ್ನೆಯಿಂದ ಶುರುವಾಗುತ್ತದೆ. ಯಾರಿಗಾದರೂ ಹೇಳುವುದು ಇದೆಯೇ ಎಂದು ಕೇಳುತ್ತಾರೆ, ಎಲ್ಲರೂ ಇಲ್ಲ ಎನ್ನುತ್ತಾರೆ, ಬಿಸ್ಕತ್ತು ಡಬ್ಬಿ ಹೊರಗೆ ಬರುತ್ತದೆ. ಅವತ್ತು ಅಧ್ಯಕ್ಷೆ ಆಗಲೇ ಡಬ್ಬಿಗೆ ಕೈ ಹಾಕಿದ್ದರು.

“ಇದೆ” ಎಂದರು ಉಡ ಮೇಡಂ.

ಎದ್ದು ನಿಂತು, ತಮ್ಮ ತಂಗಿಯ ಮಗಳು ಅಭ್ಯರ್ಥಿಯ ತರಗತಿಯಲ್ಲಿ ಓದಿದವಳು, ತಮ್ಮ ಮನೆಯಲ್ಲೇ ಇರುವವಳು, ಇದು ಮೊದಲ ಸಭೆಯಲ್ಲೇ ಹೇಳಬೇಕಿತ್ತು, ಹೇಳದ್ದು ತಪ್ಪು ಎಂದು ಒಂದೇ ಉಸಿರಿಗೆ ಹೇಳಿದರು. ವಾಣಿಜ್ಯದವರು ಹರಳೆಣ್ಣೆ ಕುಡಿದ ಮುಖ ಮಾಡಿದರು. ಭಾಷಾ ಮೇಷ್ಟ್ರು “ಅಯ್ಯೋ ರಾಮ” ಎಂದರು. ಅಧ್ಯಕ್ಷೆಗೆ ನಿಜವಾಗಿಯೂ ದುಃಖವಾಯಿತು.

“ಮೇಡಂ, ಇದರ ಅರ್ಥ ನಿಮಗೆ ಗೊತ್ತಲ್ವಾ? ಮತ ಇಲ್ಲ. ಸಭೆಗಳೆಲ್ಲ ಮುಗಿದ ಮೇಲೆ ರಾಜೀನಾಮೆನೂ ಕೊಡಬೇಕಾಗುತ್ತೆ. ನಾಲ್ಕೇ ಜನ ಉಳೀತೀವಿ. ಆಗಲೂ ಮೂರು ಮತ ಬೇಕು.”

“ಎಲ್ಲಾ ಗೊತ್ತು ಮೇಡಂ. ಈಗ ನಾನು ಈ ಅಭ್ಯರ್ಥಿ ಮಟ್ಟಿಗೆ ಸದಸ್ಯೆ ಅಲ್ಲ, ಹೌದಾ?”

“ಹೌದು.”

“ಹೊರಗಿನವಳು?”

“ಹಾಗೇ ಅಂದ್ಕೊಳ್ಳಿ.”

“ಹೊರಗಿನವರು ಅಭ್ಯರ್ಥಿ ಬಗ್ಗೆ ತಮಗೆ ಗೊತ್ತಿರೋದನ್ನ ಹೇಳ್ತೀನಿ ಅಂದ್ರೆ ಸಮಿತಿ ಕೇಳಬೇಕು. ಕೇಳಿದ್ದು ಕಡತಕ್ಕೆ ಸೇರಬೇಕು. ಅದೂ ಕಾನೂನೇ.”

ಹೀಗೆಂದವರೇ ಮೆತ್ತೆಯ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಮೇಜನ್ನು ಸುತ್ತು ಹಾಕಿ, ಆ ಕಡೆಯ ಮರದ ಕುರ್ಚಿಯಲ್ಲಿ ಹೋಗಿ ಕೂತರು. ದಶಮಾಂಶರು ಕಾನೂನಿನ ಪುಸ್ತಕ ತೆರೆದು, ಬೆರಳಿಟ್ಟು ಓದಿ, ಮುಚ್ಚಿದರು. “ಸರಿಯಾಗಿದೆ” ಎಂದರು. ಅವರ ಒಳ್ಳೆಯತನ ಇರುವುದೇ ಅಲ್ಲಿ. ಸರಿಯಾದದ್ದು ತಮಗೆ ಇಷ್ಟವಿಲ್ಲದಿದ್ದರೂ ಸರಿ ಎನ್ನುತ್ತಾರೆ.

ಮೇಡಂ ಹೇಳಿದರು. ಹುಡುಗಿ ಎರಡು ಸಲ ನಪಾಸಾದದ್ದು. ಬೋರ್ಡಿನ ಮುಂದೆ ನಿಂತರೆ ತಲೆ ಬರಿದಾಗುತ್ತಿದ್ದದ್ದು. ಕಾಲೇಜು ಬಿಡುತ್ತೇನೆ ಎಂದು ಪುಸ್ತಕಗಳನ್ನು ಮೂಟೆ ಕಟ್ಟಿಟ್ಟದ್ದು. ಕೊನೆಯ ಸಲ ನೋಡೋಣ ಎಂದು ಈ ಮೇಷ್ಟ್ರ ತರಗತಿಗೆ ಹೋದದ್ದು. “ಮೊದಲನೇ ದಿನ ಸುಣ್ಣ ಇವಳ ಕೈಗೆ ಬಂತು. ಹೋಗಿ ಬೋರ್ಡ್ ಮುಂದೆ ನಿಂತಳು. ಒಂದಕ್ಷರ ಬರೀಲಿಲ್ಲ. ಗಂಟೆ ಹೊಡೆಯೋ ತನಕ ನಿಂತಿದ್ದಳು.”

“ಗಂಟೆ ಹೊಡೆಯೋ ತನಕ?” ದಶಮಾಂಶರು ಮುಂದಕ್ಕೆ ಬಾಗಿದರು. “ಆಗ ಅಧ್ಯಾಪಕರು ಏನು ಮಾಡ್ತಿದ್ರು?”

“ಕಾಯ್ತಿದ್ರು ಸರ್.”

“ಉಳಿದ ಹುಡುಗರು? ಗಲಾಟೆ ಮಾಡಿರಬೇಕು. ನಕ್ಕಿರಬೇಕು.”

“ಯಾರೂ ನಗಲಿಲ್ಲ. ಮುಂದಿನ ಸರದಿ ತಮ್ಮದೇ ಅಲ್ವಾ, ಯಾರು ನಗ್ತಾರೆ? ಮಾರನೇ ದಿನ ಮತ್ತೆ ಇವಳಿಂದಲೇ ಶುರು. ಮತ್ತೆ ನಿಂತಳು. ಅವರು ಮತ್ತೆ ಕಾದರು. ನಾನಾಗಿದ್ರೆ ಎರಡು ನಿಮಿಷಕ್ಕೆ ಸುಣ್ಣ ಕಿತ್ಕೊಂಡು ನಾನೇ ಬರೆದುಬಿಡ್ತಿದ್ದೆ. ನೀವೂ ಅಷ್ಟೇ ಸರ್, ಬೇಜಾರು ಮಾಡ್ಕೋಬೇಡಿ. ಆ ವಾರ ಮುಗಿಯೋದ್ರೊಳಗೆ ಅವಳು ಒಂದು ಸಾಲು ಬರೆದಳು. ತಪ್ಪು ಸಾಲು. ಮೇಷ್ಟ್ರು ಹಿಂದಿನಿಂದ, ‘ಈ ಸಾಲಿನಲ್ಲಿ ನಿನಗೆ ನಂಬಿಕೆ ಎಲ್ಲಿ ತನಕ ಇದೆ?’ ಅಂತ ಕೇಳಿದ್ರಂತೆ. ಅಲ್ಲಿ ತನಕ ಉಳಿಸ್ಕೊಂಡು ಮುಂದಿನದನ್ನ ತಾನೇ ಅಳಿಸಿ ತಾನೇ ಬರೆದಳಂತೆ. ಆವತ್ತು ಮನೆಗೆ ಬಂದು ಮೂಟೆ ಬಿಚ್ಚಿದಳು. ಇವತ್ತು ಅದೇ ಹುಡುಗಿ ಜಮೀನು ಅಳೀತಾಳೆ. ಇದನ್ನ ಹೇಳಬಾರದು ಅಂತ ನನ್ನಿಂದ ಮಾತು ತಗೊಂಡಿದ್ದಳು. ಮೊನ್ನೆ ಅವಳೇ ಹೇಳು ಅಂದಳು.”

ಇಷ್ಟು ಹೇಳುವಾಗ ಮೇಡಂಗೆ ಅಳು ಬರುವ ಹಾಗಾಯಿತು. ಅಳುವುದಕ್ಕೆ ಅವರಿಗೆ ಇಷ್ಟವಿರಲಿಲ್ಲ, ಆದ್ದರಿಂದ ಸಿಟ್ಟು ಮಾಡಿಕೊಂಡರು. “ನಿಮ್ಮ ನಮೂನೇಲಿ ಧ್ವನಿಗೆ ಜಾಗ ಇದೆ, ಕೈಬರಹಕ್ಕೆ ಜಾಗ ಇದೆ. ಕಾಯೋದಕ್ಕೆ ಎಲ್ಲಿದೆ ಸರ್ ಜಾಗ? ತೋರಿಸಿ ನೋಡೋಣ!” ಎಂದು ಎದ್ದು ಹೊರಗೆ ನಡೆದರು.

ಆ ದಿನ ಮತದಾನ ನಡೆಯಲಿಲ್ಲ. ಸಂಜೆ ಅಧ್ಯಕ್ಷೆ ಲ್ಯಾಬಿಗೆ ಬಂದು, ದಶಮಾಂಶರು ಎರಡನೆಯ ವೀಕ್ಷಣೆ ಕೇಳಿದ್ದಾರೆ ಎಂದಷ್ಟೇ ಹೇಳಿ ಹೋದರು. ಹೇಗೆ ಕೇಳಿದರು, ಏನೆಂದು ಕೇಳಿದರು ಎಂಬುದನ್ನು ಉಡ ಮೇಡಂ ಜಪ್ಪಯ್ಯ ಎಂದರೂ ಅವರು ಬಿಡಿಸಿ ಹೇಳಲಿಲ್ಲ.

ಸಸ್ಯಶಾಸ್ತ್ರದ ಲ್ಯಾಬಿನ ಕಿಟಕಿಗೆ ಅಂಗಳದಾಚೆಯ ಲೆಕ್ಕದ ತರಗತಿ ಎದುರಾಬದುರು. ಮಾತು ಕೇಳಿಸುವುದಿಲ್ಲ, ಆದರೆ ಬೋರ್ಡೂ ಮುಂದಿನ ಬೆಂಚುಗಳೂ ಕಾಣುತ್ತವೆ. ವೀಕ್ಷಣೆಯ ದಿನ ಮೇಡಂ ಹುಡುಗರಿಗೆಲ್ಲ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಹೇಳಿ, ತಾವು ಕಿಟಕಿಯಲ್ಲಿ ಕಣ್ಣಿಟ್ಟರು. ದಶಮಾಂಶರು ನಮೂನೆ ಹಿಡಿದು ಬಂದರು. ಎಲ್ಲಿ ಕೂತರು ಎಂದು ಕಾಣಲಿಲ್ಲ. ಸುಣ್ಣ ಬೆಂಚಿನಿಂದ ಬೆಂಚಿಗೆ ಹೋಗುತ್ತಿತ್ತು. ಒಬ್ಬೊಬ್ಬರೇ ಬಂದು ಒಂದೊಂದು ಸಾಲು ಬರೆದು ಹೋಗುತ್ತಿದ್ದರು. ಸ್ವಲ್ಪ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಬೋರ್ಡಿನ ಮುಂದೆ ಬಂದು ನಿಂತದ್ದು ಒಂದು ಬಿಳಿ ತಲೆ.

“ಅಯ್ಯಯ್ಯೋ!” ಎಂದು ಮೇಡಂ ಕೂಗಿಯೇಬಿಟ್ಟರು. ಲ್ಯಾಬಿನ ಹುಡುಗರು ಸೂಕ್ಷ್ಮದರ್ಶಕ ಬಿಟ್ಟು ಓಡಿ ಬಂದರು. ಬೈದು ವಾಪಸು ಕಳಿಸಲು ಮೇಡಂಗೆ ಪುರುಸೊತ್ತಿರಲಿಲ್ಲ.

ಯಾವನೋ ಹುಡುಗ ಪದ್ಧತಿ ತಪ್ಪಬಾರದೆಂದು ಹಿರಿಯ ಪ್ರಾಧ್ಯಾಪಕರ ಕೈಗೂ ಸುಣ್ಣ ಕೊಟ್ಟುಬಿಟ್ಟಿದ್ದ. ದಶಮಾಂಶರು ಒಂದು ಸಾಲನ್ನು ಸರಸರ ಬರೆದರು. ಆಮೇಲೆ ಕೈ ನಿಂತಿತು. ಅಳಿಸಿದರು. ಮತ್ತೆ ಬರೆದು ಮತ್ತೆ ನಿಂತರು. ಭೌತಶಾಸ್ತ್ರಜ್ಞರಿಗೆ ಆ ಲೆಕ್ಕ ಬಾರದ್ದೇನೂ ಅಲ್ಲ. ಆದರೆ ಬೆನ್ನ ಹಿಂದೆ ಒಂದು ತರಗತಿಯನ್ನು ಇಟ್ಟುಕೊಂಡು, ತಾವಲ್ಲದೆ ಬೇರೊಬ್ಬರು ಕಾಯುತ್ತಿರುವಾಗ ಬರೆದು ಅವರಿಗೆ ಎಷ್ಟು ಕಾಲವಾಗಿತ್ತೋ. ತಿರುಗಿ ಹಿಂದಿನ ಬೆಂಚಿನ ಕಡೆ ನೋಡಿದರು. ಅಲ್ಲಿಂದ ಏನೂ ಬರಲಿಲ್ಲ ಎಂದು ಕಾಣುತ್ತದೆ. ಮತ್ತೆ ಬೋರ್ಡಿಗೆ ತಿರುಗಿದರು. ಮೇಡಂ ಕಿಟಕಿಯ ಸರಳು ಹಿಡಿದುಕೊಂಡು, “ಕಾಯಿರಿ ಮೇಷ್ಟ್ರೇ, ಕಾಯಿರಿ, ದೊಡ್ಡವರು ಅಂತ ಎದ್ದು ಹೋಗಿ ಸಹಾಯ ಮಾಡಿ ಕೆಡಿಸಬೇಡಿ” ಎಂದು ತಮಗೆ ತಾವೇ ಹೇಳಿಕೊಂಡರು. ಮೇಷ್ಟ್ರು ಏಳಲಿಲ್ಲ. ದಶಮಾಂಶರು ನಿಧಾನವಾಗಿ ಒಂದು ಸಾಲು ಬರೆದರು, ಅದರ ಕೆಳಗೆ ಇನ್ನೊಂದು ಬರೆದರು. ಮುಂದಿನ ಬೆಂಚಿನ ಹುಡುಗಿಗೆ ಸುಣ್ಣ ಕೊಟ್ಟು, ಕೈ ಒರೆಸಿಕೊಂಡು, ಅವಳ ಪಕ್ಕದಲ್ಲೇ ಕೂತುಬಿಟ್ಟರು.

ಮತದಾನದ ದಿನ ಉಡ ಮೇಡಂ ಸಮಿತಿ ಕೋಣೆಯ ಹೊರಗೆ ಅತ್ತಿಂದಿತ್ತ ಓಡಾಡಿ ನೆಲ ಸವೆಸಿದರು. ಒಳಗೆ ವಾಣಿಜ್ಯದವರ ಏರುದನಿ, ಭಾಷಾ ಮೇಷ್ಟ್ರ ಕೆಮ್ಮು. ಆಮೇಲೆ ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದು. ಮೊದಲು ಹೊರಗೆ ಬಂದವರು ದಶಮಾಂಶರು. ಮೇಡಂ ಮುಖವನ್ನೂ ನೋಡದೆ, ಬಿರಬಿರನೆ ನಡೆದು ಹೋದರು. ಹಿಂದೆಯೇ ಬಂದ ಅಧ್ಯಕ್ಷೆ ಅತ್ತಿತ್ತ ನೋಡಿದರು.

“ಫಲಿತಾಂಶ ಗುಟ್ಟು, ಮೇಡಂ. ನಾಳೆ ಬರವಣಿಗೇಲಿ ತಿಳಿಸೋ ತನಕ ಸದಸ್ಯರು ಯಾರೂ ಅಭ್ಯರ್ಥಿಗೆ ಹೇಳೋ ಹಾಗಿಲ್ಲ. ಮತ ಇಲ್ಲದಿದ್ರೂ ನೀವು ರಾಜೀನಾಮೆ ಕೊಡೋ ತನಕ ಸದಸ್ಯೆನೇ. ಆದ್ದರಿಂದ ನಿಮಗೆ ಹೇಳಬಹುದು, ನೀವು ಹೊರಗೆ ಹೇಳೋ ಹಾಗಿಲ್ಲ.” ದನಿ ತಗ್ಗಿಸಿದರು. “ಮೂರು, ಒಂದು.”

“ಯಾವ ಕಡೆ ಮೂರು?”

“ಒಳ್ಳೇ ಕಡೆ.”

ಮೇಡಂ ಗೋಡೆಗೆ ಒರಗಿ ನಿಂತರು. ನಗು ಬಂತು, ಅಳು ಬಂತು, ಎರಡನ್ನೂ ತಡೆಯಲಿಲ್ಲ. ಆಮೇಲೆ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, ಚೀಲದಿಂದ ರಾಜೀನಾಮೆ ಪತ್ರ ತೆಗೆದು ಅಧ್ಯಕ್ಷೆಯ ಕೈಗೆ ತುರುಕಿದರು.

“ಅವಸರ ಏನಿದೆ? ಇನ್ನೂ ಒಂದು ಸಭೆ ಇದೆ, ಆಮೇಲೆ ಕೊಡಿ.”

“ಇಲ್ಲ, ಈಗಲೇ ತಗೊಳ್ಳಿ. ತಗೊಂಡ್ರಾ? ಅಲ್ಲಿಗೆ ನಾನು ಸದಸ್ಯೆ ಅಲ್ಲ. ಸದಸ್ಯೆ ಅಲ್ಲದವಳಿಗೆ ಯಾವ ಗುಟ್ಟು, ಯಾವ ಬರವಣಿಗೆ?”

ಅಧ್ಯಕ್ಷೆಗೆ ಅರ್ಥವಾಗುವಷ್ಟರಲ್ಲಿ ಮೇಡಂ ಅಂಗಳದ ಅರ್ಧ ದಾಟಿದ್ದರು. ಇಷ್ಟು ವರ್ಷದಲ್ಲಿ ಆಕೆ ಓಡಿದ್ದನ್ನು ಕಂಡವರಿಲ್ಲ. ಲೆಕ್ಕದ ತರಗತಿಯ ಬಾಗಿಲನ್ನು ದೂಡಿಕೊಂಡು ಒಳಗೆ ನುಗ್ಗಿದರು. ಬೋರ್ಡಿನ ಮುಂದಿದ್ದ ಹುಡುಗ ಹೌಹಾರಿ ಸುಣ್ಣ ಬೀಳಿಸಿದ.

“ಮೇಷ್ಟ್ರೇ, ಆಯ್ತು!” ಎಂದರು ಮೇಡಂ, ಏದುಸಿರು ಬಿಡುತ್ತಾ. “ಆಯ್ತು ಕಣ್ರೀ. ಕಾಯಂ ಆಯ್ತು.”

ಹಿಂದಿನ ಬೆಂಚಿನಲ್ಲಿದ್ದ ಮೌನಿ ಮೇಷ್ಟ್ರು ಎದ್ದು ನಿಂತರು. ಹಾಗೇ ಮತ್ತೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿತ್ತು. ಹುಡುಗರು ಕಕ್ಕಾಬಿಕ್ಕಿಯಾಗಿ ಒಬ್ಬರ ಮುಖ ಒಬ್ಬರು ನೋಡಿದರು.

“ಏನಾಯ್ತು ಮೇಡಂ?” ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

“ನಿಮ್ಮ ಮೇಷ್ಟ್ರು ಇನ್ನು ಎಲ್ಲಿಗೂ ಹೋಗಲ್ಲ ಕಣ್ರೋ. ಇಲ್ಲೇ ಉಳ್ಕೊಂಡ್ರು.”

ಹುಡುಗಿಗೆ ಅರ್ಥವಾಗಲಿಲ್ಲ. “ಯಾಕೆ ಮೇಡಂ, ಎಲ್ಲಿಗೆ ಹೋಗೋರಿದ್ರು?”

ಉಡ ಮೇಡಂ ಹಿಂದಿನ ಬೆಂಚಿನ ಕಡೆ ನೋಡಿದರು. ಈ ಮನುಷ್ಯ ಇಷ್ಟು ತಿಂಗಳು ದಿನಾ ಇವರ ನಡುವೆ ಬಂದು ಕೂತು, ತನ್ನ ಕುತ್ತಿಗೆಯ ಮೇಲೆ ತೂಗುತ್ತಿದ್ದದ್ದನ್ನು ಒಬ್ಬರಿಗೂ ಹೇಳಿರಲಿಲ್ಲ. ಮೇಡಂ ನೆಲಕ್ಕೆ ಬಿದ್ದಿದ್ದ ಸುಣ್ಣವನ್ನು ಎತ್ತಿ ಹುಡುಗನ ಕೈಗೆ ಕೊಟ್ಟು, ಬರೆ ಎಂದು ಸನ್ನೆ ಮಾಡಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದರು.